ಹದಿನಾರನೆಯ ರೀಲು

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ನನ್ನ ದೊಡ್ಡಪ್ಪನ ಮಗ ಹಿರಿಯೂರಿನಿಂದ ಬಸ್ಸು ಹತ್ತಿ ಚಿತ್ರದುರ್ಗದ ನಮ್ಮ ಮನೆಗೆ ಬಂದ. ಎಪ್ಪತ್ತರ ಹತ್ತಿರದ ಮನುಷ್ಯ. ನಾನು ಅವನನ್ನು ಅಣ್ಣ ಎನ್ನುತ್ತೇನೆ. ಚಪ್ಪಲಿ ಬಿಟ್ಟು ಒಳಗೆ ಬಂದವನು ಕುಶಲ ಕೇಳಲಿಲ್ಲ, ಕೂರಲೂ ಇಲ್ಲ. "ನಿನ್ ಟಿವಿಯಾಗೆ ಹಳೇ ಪಿಚ್ಚರೆಲ್ಲ ಬರ್ತಾವಂತಲ್ಲ, ಅದೊಂದು ಹುಡುಕು ನೋಡಾಣ" ಎಂದ. ಯಾವುದು ಎಂದು ನಾನು ಕೇಳಲಿಲ್ಲ, ಅವನೂ ಹೆಸರು ಹೇಳಲಿಲ್ಲ. ನಮ್ಮಿಬ್ಬರ ನಡುವೆ ಇರುವುದು ಒಂದೇ ಸಿನಿಮಾ.

ಅದರಲ್ಲಿ ನಾಯಕ ತನ್ನ ತಂದೆಯನ್ನು ಕೊಂದ ನಾಲ್ವರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಮಚ್ಚಿನಿಂದ ಕಡಿಯುತ್ತಾನೆ. ನಲವತ್ತು ವರ್ಷಗಳ ಹಿಂದೆ, ಅದು ನಮ್ಮ ಟೆಂಟಿನಿಂದ ಎತ್ತಂಗಡಿಯಾದ ಮೂರನೆಯ ದಿನ, ಅಣ್ಣ ತನ್ನ ತಂದೆಯನ್ನು ಕೊಂದವನನ್ನು ಮಚ್ಚಿನಿಂದ ಕಡಿದ. ಆ ಟೆಂಟ್ ಸಿನಿಮಾದಲ್ಲಿ ಮೆಷಿನ್ನು ಓಡಿಸುವ ಆಪರೇಟರ್ ನಾನು.

ಪಶ್ಚಾತ್ತಾಪದ ಕಥೆ ಬರೆಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಎದೆ ಬಡಿದುಕೊಳ್ಳುತ್ತ ಶುರು ಮಾಡಿ, ಕೊನೆಗೆ ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡು ಮುಗಿಸುತ್ತಾರೆ. ನಾನು ಇದ್ದದ್ದನ್ನು ಹೇಳಿಬಿಡುತ್ತೇನೆ. ಆ ಸಿನಿಮಾದ ಕೊನೆಯ ಹತ್ತು ನಿಮಿಷವನ್ನು ನಮ್ಮ ಟೆಂಟಿನಲ್ಲಿ ನಾನು ಒಂದು ದಿನವೂ ತೋರಿಸಲಿಲ್ಲ. ತೋರಿಸಿದ್ದರೂ ಅಣ್ಣ ಕೊಲ್ಲುತ್ತಿದ್ದ ಎಂದು ಯಾರಾದರೂ ನನಗೆ ಹೇಳಬೇಕಿತ್ತು. ಆ ಒಂದು ಮಾತಿಗಾಗಿ ಇಷ್ಟು ವರ್ಷ ಕಾದೆ. ಅದನ್ನು ಹೇಳಬಲ್ಲವನು ಅವನೊಬ್ಬನೇ, ಮತ್ತು ಅವನನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ.

ನಮ್ಮೂರು ರಾಮಗಿರಿಗೆ ಹತ್ತಿರ. ಆಗ ರಾಮಗಿರಿಯಲ್ಲಿ ವರ್ಷಕ್ಕೆ ಆರೇಳು ತಿಂಗಳು ಟೆಂಟ್ ಸಿನಿಮಾ ಇರುತ್ತಿತ್ತು. ಮುಂದೆ ಮರಳಿನ ಮೇಲೆ ನೆಲದವರು, ಹಿಂದೆ ಬೆಂಚು, ಅದಕ್ಕೂ ಹಿಂದೆ ತಗಡಿನ ಕುರ್ಚಿಗಳು, ಅವುಗಳ ಬೆನ್ನಿಗೆ ನನ್ನ ಗೂಡು. ಒಂದೇ ಮೆಷಿನ್ನು. ಬೆಳಕಿಗೆಂದು ಅದರೊಳಗೆ ಉರಿಸುವ ಕಾರ್ಬನ್ ಕಡ್ಡಿಯ ಶಾಖಕ್ಕೆ ಚಳಿಗಾಲದಲ್ಲೂ ಬನಿಯನ್ನು ಒದ್ದೆ. ಕೆಲಸ ಕಲಿಸಿದವರು ದುರ್ಗದ ಒಬ್ಬ ಸಾಬರು. ಅವರ ಮನೆತನದವರು ಪಾತ್ರೆಗೆ ಕಲಾಯಿ ಹಾಕುವವರು, ಇವರು ಮಾತ್ರ ಸಿನಿಮಾ ಹುಚ್ಚಿಗೆ ಬಿದ್ದು ಮೆಷಿನ್ನು ಹಿಡಿದವರು. ನಾನು ಅವರನ್ನು ಉಸ್ತಾದ್ ಎನ್ನುತ್ತಿದ್ದೆ. ಕೆಲಸ ಬಿಟ್ಟುಕೊಟ್ಟು ಹೋಗುವ ದಿನ ಅವರು ಹೇಳಿದ್ದು ಒಂದೇ ಮಾತು: "ಪಿಚ್ಚರ್ ಕೊನೇತನಕ ಓಡಿಸ್ಬೇಕು ಬೇಟಾ. ನಡುವೆ ಎಬ್ಬಿಸಿ ಕಳಿಸಿದ್ರೆ ಜನ ಅಷ್ಟನ್ನೇ ಪೂರ್ತಿ ಅಂದ್ಕಂಡು ಮನೆಗೆ ಹೋಗ್ತಾರೆ." ನಾನು ತಲೆಯಾಡಿಸಿದೆ. ಇಪ್ಪತ್ತೆರಡು ವರ್ಷದವನಿಗೆ ಹಿರಿಯರು ಹೇಳಿದ್ದಕ್ಕೆ ತಲೆಯಾಡಿಸುವುದು ಮಾತ್ರ ಗೊತ್ತಿರುತ್ತದೆ.

ಆ ಸಿನಿಮಾ ಬಂದಾಗ ಒಂದು ಫಜೀತಿಯಾಯಿತು. ಅದು ಹದಿನಾರು ರೀಲಿನದು, ಮತ್ತು ನಮಗೂ ಹೊಸದುರ್ಗದ ಒಂದು ಟೆಂಟಿಗೂ ಸೇರಿ ಸಿಕ್ಕಿದ್ದು ಒಂದೇ ಪ್ರಿಂಟು. ನಮ್ಮಲ್ಲಿ ಫಸ್ಟ್ ಶೋ ಮುಗಿಸಿ, ರೀಲಿನ ಡಬ್ಬಿಗಳನ್ನೆಲ್ಲ ಟ್ರಂಕಿಗೆ ತುಂಬಿ, ಒಂಬತ್ತೂಕಾಲರ ಬಸ್ಸಿಗೆ ಹಾಕಿದರೆ ಅಲ್ಲಿ ಸೆಕೆಂಡ್ ಶೋ. ಅದೇ ಕೊನೆಯ ಬಸ್ಸು. ಕತ್ತಲಾಗದೆ ಟೆಂಟಿನಲ್ಲಿ ಶುರು ಮಾಡುವ ಹಾಗಿಲ್ಲ, ಬಸ್ಸು ತಪ್ಪಿದರೆ ಹೊಸದುರ್ಗದ ಜನ ಅಲ್ಲಿನ ಟೆಂಟಿಗೆ ಬೆಂಕಿ ಹಚ್ಚುತ್ತಾರೆ. ಎಷ್ಟು ಅವಸರ ಮಾಡಿದರೂ ಹದಿನೈದು ರೀಲು ಮುಗಿಯುವ ಹೊತ್ತಿಗೆ ಒಂಬತ್ತು ದಾಟುತ್ತಿತ್ತು.

ಟೆಂಟಿನ ಯಜಮಾನರು ಮೊದಲ ದಿನವೇ ದಾರಿ ಹುಡುಕಿದರು. ಹದಿನೈದನೆಯ ರೀಲಿನ ಕೊನೆಯಲ್ಲಿ ನಾಲ್ಕನೆಯ ಖಳ ಬೀಳುತ್ತಾನೆ, ನಾಯಕ ರಕ್ತದ ಮಚ್ಚನ್ನು ಆಕಾಶಕ್ಕೆ ಎತ್ತುತ್ತಾನೆ. "ಅಲ್ಲಿಗೆ ಲೈಟ್ ಹಾಕ್ಬಿಡಪ್ಪ. ಸತ್ತ ಮ್ಯಾಲೆ ಇನ್ನೇನೈತೆ ನೋಡಾಕೆ?" ಎಂದರು. ಅವರ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ಜನರೂ ಮಚ್ಚು ಮೇಲೆದ್ದ ಕೂಡಲೇ ಶಿಳ್ಳೆ ಹೊಡೆದು ಎದ್ದುಬಿಡುತ್ತಿದ್ದರು. ಹದಿನಾರನೆಯ ರೀಲು ಡಬ್ಬಿಯಿಂದ ಹೊರಗೆ ಬರಲೇ ಇಲ್ಲ.

ಅದರಲ್ಲಿ ಏನಿತ್ತೆಂದು ನನಗೆ ಗೊತ್ತಿತ್ತು. ಪ್ರಿಂಟು ಬಂದ ದಿನ ಮಧ್ಯಾಹ್ನ ರೀಲುಗಳು ಹರಿದಿವೆಯೇ ಎಂದು ಪರೀಕ್ಷಿಸುವಾಗ ಅದನ್ನು ಬಿಸಿಲಿಗೆ ಹಿಡಿದು ಬಿಚ್ಚಿಕೊಂಡು ನೋಡಿದ್ದೆ. ಹೊಳೆಯ ದಂಡೆ. ನಾಯಕ ಕೈ ತೊಳೆಯುತ್ತಿದ್ದಾನೆ. ಐದಾರು ವರ್ಷದ ಒಂದು ಮಗು ನಿಂತಿದೆ. ಅದು ಸತ್ತವನ ಮಗ. ಮುಂದಕ್ಕೆ ಎಳೆದರೂ ಅದೇ ಮಗು, ಇನ್ನೂ ಎಳೆದರೂ ಅದೇ ಮುಖ. ಆಮೇಲೆ ಪೊಲೀಸು, ಜೈಲು. ಅಳುಬುರುಕ ಸೀನು, ಹೋದರೆ ಹೋಯಿತು ಎಂದುಕೊಂಡು ಸುತ್ತಿಟ್ಟೆ.

ಈಗ ದೊಡ್ಡಪ್ಪನ ವಿಷಯ. ಅದಕ್ಕೆ ಒಂದೂವರೆ ವರ್ಷ ಮೊದಲು, ದೊಡ್ಡಪ್ಪನ ಶೇಂಗಾ ಹೊಲಕ್ಕೆ ಪಕ್ಕದ ಹೊಲದವನ ದನ ನುಗ್ಗಿದವು ಎಂಬ ಜಗಳದಲ್ಲಿ ಆತ ದೊಡ್ಡಪ್ಪನ ತಲೆಗೆ ಗುದ್ದಲಿಯ ಕಾವಿನಿಂದ ಹೊಡೆದ. ಎರಡು ದಿನ ಕಣ್ಣು ಬಿಡದೆ ದೊಡ್ಡಪ್ಪ ಹೋದರು. ಕೋರ್ಟಿನಲ್ಲಿ ನೋಡಿದವರು ಯಾರೂ ನೋಡಿದೆವು ಎನ್ನಲಿಲ್ಲ, ಹೊಡೆದವನು ಬಿಡುಗಡೆಯಾಗಿ ಬಂದ. ಅಣ್ಣನಿಗೆ ಆಗ ಇಪ್ಪತ್ತೇಳು. ಅವನು ಕೂಗಾಡಲಿಲ್ಲ. ದಿನಾ ಬೆಳಿಗ್ಗೆ ಕೆರೆ ಏರಿಯ ಮೇಲೆ ಕೂತು ಆ ಮನುಷ್ಯ ಹೊಲಕ್ಕೆ ಹೋಗುವುದನ್ನು ನೋಡುತ್ತಿದ್ದ, ಅಷ್ಟೆ. ಊರಿಗೆ ಊರೇ ಹೆದರಿತು.

ನಮ್ಮಲ್ಲಿ ಒಂದು ರೂಢಿಯಿತ್ತು. ಎರಡು ಮನೆಗಳ ನಡುವೆ ಹೆಣ ಬಿದ್ದರೆ, ಮಠದಲ್ಲಿ ಗುರುಗಳು ಇಬ್ಬರನ್ನೂ ಕೂರಿಸಿ ಮಾತಾಡಿಸಿ, ಕೊನೆಗೆ ಊಟಕ್ಕೆ ಎಬ್ಬಿಸುವರು. ಕೊಂದವನು ಸತ್ತವನ ಮಗನ ಎಲೆಗೆ ತನ್ನ ಕೈಯಾರೆ ಬಡಿಸಬೇಕು. ಮಗ ಉಂಡರೆ ಹಗೆ ಅಲ್ಲಿಗೆ ಮುಗಿಯಿತು. ಉಣ್ಣದೆ ಎದ್ದುಹೋಗಲು ಅವನಿಗೆ ಹಕ್ಕಿದೆ, ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ಉಂಡ ಮೇಲೆ ಕೈ ಎತ್ತುವ ಹಾಗಿಲ್ಲ, ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ ಎಂದು ಬಾಯಿಬಿಡುವ ಹಾಗೂ ಇಲ್ಲ. ಎರಡು ಸಲ ಕರೆ ಬಂದಾಗ ಅಣ್ಣ ಹೋಗಿರಲಿಲ್ಲ. ಶ್ರಾವಣದಲ್ಲಿ ಮೂರನೆಯ ಸಲ ಕರೆದಾಗ ಯಾರೂ ಒತ್ತಾಯ ಮಾಡದೆ ತಾನೇ ಎದ್ದು ಹೋದ. ನಾನೂ ಹೋಗಿದ್ದೆ. ಆ ಮನುಷ್ಯ ಅನ್ನದ ಮೇಲೆ ಸಾರು ಹಾಕುವಾಗ ಎಲೆಯಿಂದ ಹೊರಗೆ ಚೆಲ್ಲಿದ. ಅಣ್ಣ ತಲೆ ಬಗ್ಗಿಸಿ ಉಂಡ, ಎಲೆಯಲ್ಲಿ ಒಂದು ಅಗುಳೂ ಬಿಡಲಿಲ್ಲ. ದೊಡ್ಡಮ್ಮ ಅವತ್ತು ಅತ್ತದ್ದು ಇನ್ನೂ ಕಿವಿಯಲ್ಲಿದೆ. ಸಮಾಧಾನಕ್ಕೆ ಅತ್ತಳೋ ಸಂಕಟಕ್ಕೆ ಅತ್ತಳೋ ನನಗೆ ಗೊತ್ತಾಗಲಿಲ್ಲ.

ದೀಪಾವಳಿ ಕಳೆದ ಮೇಲೆ ಆ ಸಿನಿಮಾ ನಮ್ಮ ಟೆಂಟಿಗೆ ಬಂತು. ಹತ್ತೊಂಬತ್ತು ದಿನ ಓಡಿತು. ಹತ್ತೊಂಬತ್ತು ದಿನವೂ ಅಣ್ಣ ಬಂದ.

ಮೊದಲೆರಡು ದಿನ ನನಗೆ ಖುಷಿಯಾಯಿತು. ಮನೆ ಬಿಟ್ಟು ಹೊರಗೆ ಬಂದನಲ್ಲ ಎನ್ನಿಸಿತು. ಆಮೇಲೆ ಟೆಂಟಿನವರೆಲ್ಲ ಅವನನ್ನು ಗೇಲಿ ಮಾಡತೊಡಗಿದರು. ನಾನೂ ಮಾಡಿದೆ. "ಏನಣ್ಣ, ಹೀರೋಗೆ ಡೈಲಾಗ್ ಮರೆತ್ರೆ ನೀನೇ ಹೇಳ್ಕೊಡ್ತೀಯೇನು?" ಎಂದೆ. ನಗಲಿಲ್ಲ. ಶೋ ಮುಗಿದು ನೆಲದವರು ಮರಳು ಕೊಡವಿಕೊಂಡು ಹೋದ ಮೇಲೂ ಅವನು ಬೆಂಚಿನಲ್ಲಿ ಹಾಗೇ ಕೂತು ಬಿಳಿ ಪರದೆಯನ್ನು ನೋಡುತ್ತಿರುತ್ತಿದ್ದ. ನನಗೋ ಬಸ್ಸಿನ ಅವಸರ. ಟ್ರಂಕು ಹೊತ್ತುಕೊಂಡು ಓಡುತ್ತಲೇ "ಮುಗೀತು ಏಳಣ್ಣ, ಹೋಗಾಣ" ಎಂದು ಕೂಗುತ್ತಿದ್ದೆ. ರಕ್ತ ನೋಡಿ ನೋಡಿ ಅಮಲೇರಿದೆ ಇವನಿಗೆ ಎಂದುಕೊಂಡಿದ್ದೆ. ಹಾಗೆ ಅನ್ನಿಸಿದ ಮೇಲಾದರೂ ಕೈ ಹಿಡಿದು ಕೂರಿಸಿಕೊಂಡು ಮಾತಾಡಬೇಡವೇ? ಮಾತಾಡಲಿಲ್ಲ. ಮಠದಲ್ಲಿ ಉಂಡವನ ಮನಸ್ಸಿನಲ್ಲಿ ಏನೂ ಇರಲು ಸಾಧ್ಯವಿಲ್ಲ ಎಂದು ಊರು ನಂಬಿತ್ತು, ನಾನೂ ಊರಿನವನೇ.

ಪ್ರಿಂಟು ಹೋದ ಮೂರನೆಯ ದಿನ ಬೆಳಿಗ್ಗೆ ಎಂಟು ಗಂಟೆಗೆ ಆ ಮನುಷ್ಯ ಪಂಪ್‌ಹೌಸಿನ ಹತ್ತಿರ ನೀರು ತಿರುವುತ್ತಿದ್ದ. ಅಣ್ಣ ಹೋಗಿ ಕುತ್ತಿಗೆಗೆ ಒಂದು, ಹೆಗಲಿಗೆ ಎರಡು ಏಟು ಹಾಕಿದ. ಮೊದಲ ಏಟು ಹಾಕುವಾಗ ನಾಯಕನ ಮಾತನ್ನೇ ಹೇಳಿದನಂತೆ. ಅದನ್ನು ಮುಂದೆ ಸಾಕ್ಷಿಯೊಬ್ಬ ಕೋರ್ಟಿನಲ್ಲಿ ಹೇಳಿದಾಗ ಯಾರೋ ವಕೀಲರು ಕಿಸಕ್ಕನೆ ನಕ್ಕರು. ನಾನು ಅಲ್ಲಿದ್ದೆ. ಆ ನಗು ಕೇಳಿ ಮೈಯೆಲ್ಲ ಉರಿದುಹೋಯಿತು.

ಆ ಮನುಷ್ಯನ ಜೊತೆ ಅವತ್ತು ಅವನ ಆರು ವರ್ಷದ ಮಗನೂ ಬಂದಿದ್ದ. ಪಂಪ್‌ಹೌಸಿನ ಒಳಗೆ ಆಡುತ್ತಿದ್ದ ಮಗು ಸದ್ದು ಕೇಳಿ ಹೊರಗೆ ಬಂತು. ಓಡಿಹೋಗಲು ಅಣ್ಣನಿಗೆ ಬೇಕಾದಷ್ಟು ಹೊತ್ತಿತ್ತು. ಓಡಲಿಲ್ಲ. ಮಚ್ಚನ್ನು ಕಾಲುವೆಗೆ ಎಸೆದು ಆ ಮಗುವಿನ ಎದುರಿಗೇ ನೆಲದ ಮೇಲೆ ಕೂತುಬಿಟ್ಟ. ಪೊಲೀಸರು ಬರುವವರೆಗೆ ಇಬ್ಬರೂ ಹಾಗೇ ಇದ್ದರಂತೆ. ಮಗು ಅಳಲೂ ಇಲ್ಲ ಎಂದು ನೋಡಿದವರು ಹೇಳಿದರು. ಅದನ್ನು ಕೇಳಿದ ರಾತ್ರಿಯಿಂದ ನನಗೆ ಬಿಸಿಲಿಗೆ ಹಿಡಿದಿದ್ದ ಆ ರೀಲಿನ ಮುಖ ಕಾಣತೊಡಗಿತು. ವಾರದೊಳಗೆ ಟೆಂಟಿನ ಕೆಲಸ ಬಿಟ್ಟೆ. ದುರ್ಗಕ್ಕೆ ಬಂದು ರೇಡಿಯೋ, ಆಮೇಲೆ ಟಿವಿ ರಿಪೇರಿ ಮಾಡಿಕೊಂಡು ಬದುಕಿದೆ.

ಅಣ್ಣ ಹದಿನಾಲ್ಕು ವರ್ಷ ಒಳಗಿದ್ದ. ಹೊರಗೆ ಬಂದ ಮೇಲೆ ಊರಿಗೆ ಹೋಗಲಿಲ್ಲ, ಹಿರಿಯೂರಿನ ಒಂದು ಎಣ್ಣೆ ಮಿಲ್ಲಿನಲ್ಲಿ ಕಾವಲಿಗೆ ನಿಂತ. ಕೊಂದು ಬಂದವರನ್ನು ನಮ್ಮ ಕಡೆ ಜನ ಮಾತಾಡಿಸದೆ ಇರುವುದಿಲ್ಲ. ಆದರೆ ಅಣ್ಣ ಬರಿ ಕೊಂದವನಲ್ಲ, ಉಂಡು ಕೊಂದವನು. ನಮ್ಮವರ ಯಾವ ಮನೆಯಲ್ಲೂ ಅವನಿಗೆ ಎಲೆ ಹಾಕುವುದಿಲ್ಲ. ಟೀ ಕೊಡುತ್ತಾರೆ, ಮಂಡಕ್ಕಿ ಕೊಡುತ್ತಾರೆ, ಅನ್ನ ಬಡಿಸುವುದಿಲ್ಲ. ನನ್ನ ಹೆಂಡತಿಯೂ ಬಡಿಸುವುದಿಲ್ಲ. ಒಂದು ಸಲ ನಾನು ರೇಗಿ ತಟ್ಟೆ ಎಸೆದಾಗ "ಬೇಕಾದ್ರೆ ನೀವು ಬಡಿಸ್ರಿ, ನಾನು ಅಡ್ಡ ಬರಲ್ಲ" ಎಂದಳು. ನಾನು ಬಡಿಸಲಿಲ್ಲ. ಅದಕ್ಕೇ ಅವನು ಎಲ್ಲಿಗೆ ಹೋದರೂ ಚೀಲದಲ್ಲಿ ಎರಡು ಬನ್ನು ಇಟ್ಟುಕೊಂಡಿರುತ್ತಾನೆ, ಮಧ್ಯಾಹ್ನವಾದರೆ ಯಾರಿಗೂ ಮುಜುಗರವಾಗದ ಹಾಗೆ ಜಗಲಿಗೆ ಹೋಗಿ ತಿಂದು ಬರುತ್ತಾನೆ.

ಆ ಭಾನುವಾರ ಹೆಂಡತಿ ಟೀ ತಂದಿಟ್ಟು "ಕುಂತ್ಕಳ್ರಿ ಭಾವ" ಎಂದು ಒಳಗೆ ಹೋದಳು. ನಾನು ಟಿವಿಯಲ್ಲಿ ಹುಡುಕಿದೆ. ಸಿಕ್ಕಿತು. ಯಾರೋ ಪುಣ್ಯಾತ್ಮರು ಪೂರ್ತಿ ಹಾಕಿದ್ದರು, ಬಣ್ಣ ಮಾತ್ರ ಮಾಸಿಹೋಗಿತ್ತು.

ಇಬ್ಬರೂ ನೋಡಿದೆವು. ಎಂಥ ಕಳಪೆ ಸಿನಿಮಾ! ನಾಯಕನ ವಿಗ್ಗು ಹಣೆಗಿಂತ ಮುಂದೆ ನಿಂತಿದೆ. ರಕ್ತ ಎಂದರೆ ಕುಂಕುಮ ಕಲಸಿದ ನೀರು. ಏಟು ಬೀಳುವುದಕ್ಕೆ ಮೊದಲೇ ಏಟಿನ ಸದ್ದು ಬರುತ್ತದೆ. ಮೂವರು ಸಾಯುವ ಹೊತ್ತಿಗೆ ನನಗೆ ಆಕಳಿಕೆ ಬಂತು, ಆಕಳಿಸಿದ್ದಕ್ಕೆ ನಾಚಿಕೆಯೂ ಆಯಿತು. ಇಂಥದ್ದನ್ನು ನೋಡಿ ಒಬ್ಬ ಮನುಷ್ಯನನ್ನು ಕಡಿದನೇ ಇವನು? ನಡುನಡುವೆ ಟೈಲ್ಸಿನ ಜಾಹೀರಾತು ಬಂದರೆ ಅಣ್ಣ ಅದನ್ನೂ ಅಷ್ಟೇ ಗಂಭೀರವಾಗಿ ನೋಡುತ್ತಿದ್ದ.

ನಾಲ್ಕನೆಯವನು ಬಿದ್ದ. ಮಚ್ಚು ಮೇಲೆದ್ದಿತು. ನನ್ನ ಹೆಬ್ಬೆರಳು ತಾನಾಗಿಯೇ ರಿಮೋಟಿನ ಗುಂಡಿ ಒತ್ತಿಬಿಟ್ಟಿತು. ಚಿತ್ರ ನಿಂತಿತು.

"ಅಣ್ಣ, ಇದರ ಮುಂದೆ ಇನ್ನೊಂದು ರೀಲು ಐತೆ" ಎಂದೆ. "ಟೆಂಟಿನಾಗೆ ನಾನು ಅದನ್ನ ಯಾರಿಗೂ ತೋರಿಸ್ಲಿಲ್ಲ. ಬಸ್ಸಿಗೆ ಹೊತ್ತಾಗ್ತಿತ್ತು. ನೀನು ನೋಡ್ಬೇಕಾಗಿತ್ತು, ನಾನು ತೋರಿಸ್ಲಿಲ್ಲ."

ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಗೊತ್ತೈತೆ ಬಿಡು. ಅದನ್ನ ನಾನು ನೋಡೀನಿ."

"ಎಲ್ಲಿ?"

"ಇದೇ ದುರ್ಗದಾಗೆ. ನಿನ್ ಟೆಂಟಿಗೆ ಬರಾಕೆ ಮುಂಚೆ, ಯುಗಾದಿ ಆದ ಮ್ಯಾಲೆ. ಶೇಂಗಾ ಮಂಡಿಗೆ ಹಾಕಾಕೆ ಬಂದಿದ್ದೆ. ಮಚ್ಚು ಅವತ್ತೇ ಸಂತೆಯಾಗೆ ತಗಂಡಿದ್ದೆ, ಚೀಲದಾಗೆ ಇತ್ತು. ಹೊತ್ತು ಹೋಗ್ಲಿ ಅಂತ ಥೇಟರಿಗೆ ಹೋದೆ. ಕೊನೇಗೆ ಆ ಮಗು ಬಂತಲ್ಲ, ಹೊಳೇ ಹತ್ರ. ಅದು ನೋಡ್ತದಲ್ಲ, ಹಂಗೇ ನೋಡ್ತದಲ್ಲ... ಅವನಿಗೂ ಒಂದು ಮಗು ಐತೆ ಅಂತ ಅವತ್ತು ನೆಪ್ಪಿಗೆ ಬಂತು ನೋಡು. ಮಚ್ಚು ತಂದು ಅಟ್ಟಕ್ಕೆ ಎಸೆದೆ. ಶ್ರಾವಣದಾಗೆ ಗುರುಗಳು ಕರೆದಾಗ ಹೋಗಿ ಉಂಡೆ."

ಅವನು ಮಠಕ್ಕೆ ಯಾಕೆ ಹೋದನೆಂದು ಇಡೀ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಉಂಡೆ, ಆದರೆ ಹೋಗ್ಲಿಲ್ಲ ಕಣೋ" ಎಂದ. "ಸಿಟ್ಟು ಹೋಗ್ಲಿಲ್ಲ. ಅವನು ಬಡಿಸಿದ ಅನ್ನ ಹೊಟ್ಟೆಯಾಗೇ ಇದ್ದಂಗೆ ಆಗ್ತಿತ್ತು. ಏರಿ ಮ್ಯಾಲೆ ಅವನು ಎದುರಿಗೆ ಸಿಕ್ಕು ಮಾತಾಡ್ಸಿದ್ರೆ ಕೈ ಕಡಿಯೋದು. ಆಗ ಈ ಪಿಚ್ಚರ್ ನಿನ್ ಟೆಂಟಿಗೆ ಬಂತು. ಆ ಮಗೀನ್ನ ಇನ್ನೊಂದ್ಸಲ ನೋಡಿದ್ರೆ ಸರಿಹೋಗ್ತೀನಿ ಅಂತ ಬಂದೆ."

"ಅಣ್ಣ..."

"ದಿನಾ ಬಂದೆ. ಇವತ್ತು ತೋರಿಸ್ತಾನೇನೋ, ನಾಳೆ ತೋರಿಸ್ತಾನೇನೋ ಅಂತ. ಜನ ಎದ್ದು ಹೋದ ಮ್ಯಾಲೂ ಕುಂತಿರ್ತಿದ್ದೆ. ನೀನು ಲೈಟ್ ಹಾಕ್ತಿದ್ದೆ."

ನಾನು ಅವನ ಮೇಲೆ ರೇಗಿಬಿಟ್ಟೆ. ಬೇರೆ ಏನು ಮಾಡಲಿ, ನನಗೆ ದುಃಖ ಬಂದರೂ ಮೊದಲು ಬಾಯಿಗೆ ಬರುವುದು ಸಿಟ್ಟೇ. "ಒಂದು ಮಾತು ಕೇಳಾಕೆ ಏನಾಗಿತ್ತು ನಿನಗೆ? ನಾನು ನಿನ್ನ ತಮ್ಮ ಅಲ್ವಾ? ನಿನಗೊಬ್ಬನಿಗೇ ಬೇಕಾದ್ರೂ ಹಾಕ್ತಿದ್ದೆ! ಬಸ್ಸು ಹಾಳಾಗಿ ಹೋಗ್ಲಿ ಅಂತಿದ್ದೆ!"

"ಏನಂತ ಕೇಳ್ಲಿ?" ಅವನು ಈಗ ನನ್ನ ಕಡೆ ತಿರುಗಿದ. "ಮಠದಾಗೆ ಉಂಡು ಬಂದೀನಿ, ಆದ್ರೂ ಸಿಟ್ಟು ಹೋಗಿಲ್ಲ, ನನ್ನ ಕೈ ಹಿಡ್ಕಳಾಕೆ ಆ ಮಗೀನ್ನ ತೋರ್ಸು ಅಂತ್ಲಾ? ಉಂಡವನು ಹಂಗಂತಾನಾ? ಅಂದ್ರೆ ಅವ್ವ ಬದುಕ್ತಿದ್ಲಾ?"

ಅವನು ಹೇಳಿದ್ದು ನಿಜ. ಆಗ ಅವನು ಹಾಗೆ ಕೇಳಿದ್ದರೆ ನಾನು ಮೊದಲು ಮಾಡುತ್ತಿದ್ದ ಕೆಲಸ ಊರಿಗೆ ಓಡಿಹೋಗಿ ಹಿರಿಯರಿಗೆ ಹೇಳುವುದು.

"ನಿಂದೇನೂ ತಪ್ಪಿಲ್ಲ" ಎಂದ. "ಮಗು ಐತೆ ಅಂತ ನನಗೆ ಗೊತ್ತಿತ್ತಲ್ಲ. ತೋರಿಸ್ದಿದ್ರೂ ಇತ್ತಲ್ಲ ಅದು. ಹತ್ತೊಂಬತ್ತು ದಿನ ಅದಿಲ್ದೆ ನೋಡಿ ನೋಡಿ, ಇಲ್ವೇನೋ ಅನ್ನಿಸ್ಬಿಡ್ತು."

ನಾನು ನಲವತ್ತು ವರ್ಷ ಕಾದದ್ದು ಈ ಮಾತಿಗಲ್ಲ. ತಪ್ಪಿಲ್ಲ ಎಂದು ಅವನು ಹೇಳಿದ, ಅದನ್ನು ಕೇಳಿದ ಮೇಲೆ ನನ್ನ ತಪ್ಪು ಎಷ್ಟು ದೊಡ್ಡದೆಂದು ನನಗೆ ಗೊತ್ತಾಯಿತು. ಒಳಗಿನಿಂದ ಹೆಂಡತಿ ಬಂದು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ಕೇಳುತ್ತಿದ್ದಳೋ, ಸೆರಗು ಬಾಯಿಗೆ ಹೋಗಿತ್ತು.

"ಹಾಕು ಮುಂದಕ್ಕೆ" ಎಂದ ಅಣ್ಣ.

ಹಾಕಿದೆ. ಹೊಳೆ, ದಂಡೆ, ಕೈ ತೊಳೆಯುತ್ತಿರುವ ನಾಯಕ. ಮಗು ಬಂದು ನಿಂತಿತು. ಅದು ನಡೆದು ಬರುವುದನ್ನು ನಾನು ಅವತ್ತೇ ಮೊದಲು ಕಂಡದ್ದು, ಬಿಸಿಲಿಗೆ ಹಿಡಿದಾಗ ಅದು ಅಲುಗಾಡಿರಲಿಲ್ಲ. ಹತ್ತು ನಿಮಿಷ ಕಳೆದು ಹೆಸರುಗಳು ಬರತೊಡಗಿದವು. ಅಣ್ಣನ ಟೀ ಆರಿಹೋಗಿ ಕೆನೆ ಕಟ್ಟಿತ್ತು.

"ಇನ್ನೊಂದ್ಸಲ ಹಾಕ್ತೀಯೇನು? ಅದೊಂದೇ" ಎಂದು ಕೇಳಿದ. ಮಾಡು ಎಂದು ಹೇಳಿದ್ದುಂಟು, ಜೀವಮಾನದಲ್ಲಿ ಅವನು ನನ್ನನ್ನು ಹೀಗೆ ಕೇಳಿಕೊಂಡದ್ದು ಅದೇ ಮೊದಲು.

ಹಿಂದಕ್ಕೆ ಒಯ್ದು ಮತ್ತೆ ಹಾಕಿದೆ. ಮುಗಿಯಿತು. ಮತ್ತೆ ಕೇಳಿದ, ಮತ್ತೆ ಹಾಕಿದೆ. ಮಧ್ಯಾಹ್ನ ದಾಟಿ ಮೂರರ ಬಸ್ಸಿಗೆ ಅವನು ಏಳುವವರೆಗೆ ಅದೊಂದನ್ನೇ ಹಾಕುತ್ತ ಕೂತೆ, ಪ್ರತಿ ಸಲವೂ ಆ ಮಗು ಬಂದು ನಿಂತಿತು.